ಬೇರೆ ಕಣಿವೆಯ ಹಣ್ಣು

ಆರು ಗಂಟೆಗೇ ಎದ್ದು ಕೂತಿದ್ದವು ಎರಡೂ.
ಎಡದ ಚಪ್ಪಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ಚಿಕ್ಕದು;
"ಹಬ್ಬ ಶುರುವಾಯ್ತಾ?" ಎಂದು ದೊಡ್ಡದು.
ಇಲ್ಲ ಕಣೋ ತಾತುಲ್, ಹಬ್ಬವೇ ಇನ್ನೂ ಎದ್ದಿಲ್ಲ.

ನನಗಂತೂ ನಿದ್ದೆಯಿಲ್ಲ. ರಾತ್ರಿ ಎರಡಕ್ಕೆ
ಭಾವ ಸುರೇನ್ ಲಾರಿ ತಂದದ್ದು ಕೇಳಿತ್ತು.
ದೀಪ ಆರಿಸಿ, ಉಸಿರು ಹಿಡಿದು ಬಂದ ಹಾಗೆ
ಊರ ಭವನದ ಹಿಂಬಾಗಿಲಿಗೆ.
ನೂರಿಪ್ಪತ್ತು ಪೆಟ್ಟಿಗೆ ಏಪ್ರಿಕಾಟ್,
ಬೆಟ್ಟದಾಚೆಯ ಕಣಿವೆಯದು.

ನಮ್ಮದು ಏಪ್ರಿಲಿನ ಒಂದೇ ರಾತ್ರಿಗೆ ಮುಗಿದಿತ್ತು.
ಸಾಲಿನ ನಡುವೆ ಹಸಿ ಹುಲ್ಲು ಸುಟ್ಟು ಹೊಗೆ ಹಾಕಿದೆವು,
ಮಕ್ಕಳಿಗೆ ಹೊದಿಸುವಂತೆ ಮರಕ್ಕೆ ಕಂಬಳಿ ಹೊದಿಸಿದೆವು,
ನೆರೆಮನೆಯ ವಾರ್ಸೆನಿಕ್ ತನ್ನ ಮದುವೆಯ ರಜಾಯಿಯನ್ನೇ ಹೊತ್ತು ತಂದಳು.
ಬೆಳಕಾದಾಗ ಹೂವೆಲ್ಲ ಕುದಿಸಿ ಬಿಸಾಡಿದ ಚಹಾಸೊಪ್ಪು.
ಮುಟ್ಟಿದರೂ ಉದುರಲಿಲ್ಲ,
ನನಗೆ ಹೆದರಿಕೆಯಾದದ್ದು ಅದಕ್ಕೇ.

ಆದರೂ ಹಬ್ಬ ನಡೆಯಲೇಬೇಕಲ್ಲ,
ಯೆರೆವಾನಿನಿಂದ ಎರಡು ಬಸ್ಸು ಜನ ಬರುತ್ತಾರಲ್ಲ!
ಇಸ್ತ್ರಿ ಹಾಕಿದ ಮೇಜುಬಟ್ಟೆ, ಹಣ್ಣಿನ ಗೋಪುರ,
ಮೈಕಿನ ಮುಂದೆ ಊರ ಮುಖ್ಯಸ್ಥರ ಬೆವರಿದ ಹಣೆ:
"ಇದು ಈ ಮಣ್ಣಿನ ಚಿನ್ನ..."
ಚಪ್ಪಾಳೆ ತಟ್ಟಿದೆವು ನಾವು, ಊರವರು, ಜೋರಾಗಿಯೇ,
ಒಬ್ಬರ ಮುಖ ಒಬ್ಬರು ನೋಡದೆ.

ಶೋಘಿಕ್‌ಗೆ ಭಾಷಣ ಬೇಡ, ಕುಣಿತ ಬೇಡ,
ಬಣ್ಣದ ಬಲೂನೂ ಬೇಡ.
ಹಣ್ಣು ತೊಳೆಯುವ ನಲ್ಲಿ ಬೇಕು.
ಮೂರು ವರ್ಷದ ಹೊಟ್ಟೆ ಮುಂದೆ ಮಾಡಿ ನಿಂತಳು ತೊಟ್ಟಿಯೆದುರು,
ಒಂದು ಹಣ್ಣು ಮುಳುಗಿಸುವುದು, ತೇಲಿದರೆ ಗದರುವುದು.
ಫ್ರಾಕು ಒದ್ದೆ, ಕಾಲು ಒದ್ದೆ, ನನ್ನ ಚೀಲ ಒದ್ದೆ.

"ಅಮ್ಮಾ, ಇದರಲ್ಲಿ ನಮ್ಮ ಮರದ್ದು ಯಾವುದು?"
ತಾತುಲ್ ಕೇಳಿದ, ಎಲ್ಲರಿಗೂ ಕೇಳುವ ಹಾಗೆ.
ಬೆರಳು ತಾನಾಗಿ ಎದ್ದು ಯಾವುದೋ ಮೂಲೆ ತೋರಿಸಿತು.
ಹೋದ. ಸಂತೆಯ ಮುದುಕರಂತೆ ಒಂದೊಂದನ್ನೂ
ಎತ್ತಿ, ಮೂಸಿ, ತೊಟ್ಟಿನ ಗುಳಿಗೆ ಹೆಬ್ಬೆರಳಿಟ್ಟು,
ಕಡೆಗೊಂದು ತಂದು ತಂಗಿಯ ಅಂಗೈಗಿಟ್ಟ:
"ತಗೋ, ನಮ್ಮದು. ನೋಡು, ಕೆನ್ನೆ ಮೇಲೆ ಚುಕ್ಕಿ."
ಗಲ್ಲದಿಂದ ಮೊಣಕೈವರೆಗೆ ರಸ ಇಳಿಸಿಕೊಂಡು ಅವಳು
"ನಮ್ಮದು ಸೀ" ಎಂದಳು.
ಸಿಹಿಯಾಗಿಯೇ ಇತ್ತು. ಏನು ಹೇಳಲಿ, ನಮ್ಮದಕ್ಕಿಂತ ಒಂದು ಕೈ ಮೇಲೆ.

ಆಮೇಲೆ ಹಬ್ಬ ಎಲ್ಲಿ ನಡೆಯಿತೋ ಮಕ್ಕಳಿಗೆ ತಿಳಿಯದು.
ಭವನದ ಮೆಟ್ಟಿಲ ಮೇಲೆ ಆರೇಳು ತಲೆ ಬಗ್ಗಿ
ಗಸಗಸ ಗಸಗಸ, ಕಲ್ಲಿಗೆ ಓಟೆ ಉಜ್ಜುವ ಸದ್ದು.
ರಾತ್ರಿಯೆಲ್ಲ ನಿದ್ದೆಗೆಟ್ಟ ಸುರೇನ್ ಬಂದು
ನಡುವೆ ತನ್ನ ಭಾರೀ ಮೈ ತುರುಕಿ ಕೂತ:
"ಉಗುಳು ಹಾಕಿ ಉಜ್ಜಬೇಕೋ ದಡ್ಡರಾ!"
ತೂತಾದ ಮೇಲೆ ಅಂಗಿಯ ಪಿನ್ನಿನಿಂದ
ಒಳಗಿನ ಬೀಜ ಕೆದಕಿ ತೆಗೆದ,
ತುಟಿಗಿಟ್ಟು ಊದಿದ. ಪೀ...
ವೇದಿಕೆಯ ಮೇಲಿನ ಹಾಡುಗಾರ ಒಂದು ಸಾಲು ತಪ್ಪಿದ.

ಸಂಜೆ, ತೋಟದ ಬದಿಯ ದಾರಿ.
ಶೋಘಿಕ್ ಹೆಗಲ ಮೇಲೆ ನಿದ್ದೆಹೋಗಿದ್ದಳು,
ಅಂಟು ಬೆರಳು ನನ್ನ ಕೂದಲಲ್ಲಿ ಸಿಕ್ಕಿಕೊಂಡು,
ಮುಷ್ಟಿಯೊಳಗೆ ಪೀಪಿ.
ಅತ್ತ ಇತ್ತ ನಮ್ಮ ಮರಗಳು, ಬರಿ ಎಲೆ,
ಎಂದಿಗಿಂತ ಹಸಿರು, ಹೊರಲು ಏನೂ ಇಲ್ಲದೆ ನೆಟ್ಟಗೆ.

ತಾತುಲ್ ಕಲ್ಲೊಂದನ್ನು ಒದೆಯುತ್ತ ಬಹಳ ದೂರ ಬಂದ.
"ದೊಡ್ಡಪ್ಪನ ಲಾರಿ ನಾನೂ ನೋಡಿದೆ," ಅಂದ, "ಕಿಟಕಿಯಿಂದ."

ನಾನು ನಿಂತೆ. ಅವನು ನಿಲ್ಲಲಿಲ್ಲ.

"ಅವಳಿಗೆ ಹೇಳಬೇಡ, ಆಯ್ತಾ?"
ಎಂದು ಮತ್ತೆ ಕಲ್ಲು ಒದ್ದ.
ಅದು ಕಾಲುವೆಗೆ ಬಿತ್ತು. ಇನ್ನೊಂದು ಹುಡುಕಿದ.